ಅಪ್ಪನಿಗೆ 82, ಆಪರೇಷನ್ ಬೇಡ ಅಂದರೆ ಮುಂದೇನು?

ಹೋದ ತಿಂಗಳು ಇದೇ ಅಂಕಣದಲ್ಲಿ, ಗುದನಾಳದ ಕ್ಯಾನ್ಸರ್ ಇರುವ ಕೆಲವು ಹಿರಿಯರಿಗೆ ಆಪರೇಷನ್ ಇಲ್ಲದೆ ರೇಡಿಯೇಷನ್‌ನಲ್ಲೇ ಚಿಕಿತ್ಸೆ ಮಾಡಬಹುದು ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಹೆಚ್ಚಿನವು ಮಕ್ಕಳು, ಸೊಸೆಯಂದಿರು ಬರೆದದ್ದು. ಕಾಯಿಲೆ ಇರುವವರೇ ಕೈಯಾರೆ ಬರೆದದ್ದು ಒಂದೇ ಒಂದು. ಅದನ್ನೂ ಸೇರಿಸಿ ಐದು ಪತ್ರಗಳಿಗೆ ಈ ಸಲದ ಪುಟ ಪೂರ್ತಿ ಬಿಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 82 ವರ್ಷ. ತೆಂಗಿನ ತೋಟ ನೋಡಿಕೊಂಡು ಓಡಾಡಿಕೊಂಡಿದ್ದವರು. ಒಂದು ವರ್ಷದಿಂದ ಮೋಷನ್‌ನಲ್ಲಿ ರಕ್ತ ಹೋಗುತ್ತಿತ್ತು. ಪೈಲ್ಸ್ ಅಂತ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದರು. ಈಗ ಸ್ಕೋಪ್ ಹಾಕಿ, ಬಯಾಪ್ಸಿ ಮಾಡಿ ಗುದನಾಳದ ಕ್ಯಾನ್ಸರ್ ಅಂದಿದ್ದಾರೆ. ಮಲದ್ವಾರದಿಂದ 4 ಸೆಂ.ಮೀ. ಮೇಲೆ, 3 ಸೆಂ.ಮೀ. ಗಡ್ಡೆ. ಎಂಆರ್‌ಐನಲ್ಲಿ ಟಿ2 (ಗಡ್ಡೆ ಇನ್ನೂ ಕರುಳಿನ ಗೋಡೆ ದಾಟಿಲ್ಲ) ಅಂತ ಬರೆದಿದೆ, ಬೇರೆಲ್ಲೂ ಹರಡಿಲ್ಲ. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದೆ, 20 ವರ್ಷದಿಂದ ಶುಗರ್ ಇದೆ. ಆಪರೇಷನ್ ಮಾಡಿದರೆ ಹೊಟ್ಟೆಗೆ ಶಾಶ್ವತವಾಗಿ ಚೀಲ ಹಾಕಬೇಕು ಅಂತ ಸರ್ಜನ್ ಹೇಳಿದರು. ಅನಸ್ತೇಷಿಯಾ ಡಾಕ್ಟರು ರಿಸ್ಕ್ ಜಾಸ್ತಿ ಅಂದರು. ಇನ್ನೊಬ್ಬರು ಬರೀ ರೇಡಿಯೇಷನ್ ಕೊಡೋಣ ಅಂತಾರೆ. ಬರೀ ಕರೆಂಟ್ ಕೊಟ್ಟರೆ ಕ್ಯಾನ್ಸರ್ ಹೋಗುತ್ತಾ? ಅಪ್ಪನಿಗೆ ನಾವಿನ್ನೂ ವಿಷಯ ಹೇಳಿಲ್ಲ, ಒಳಗೆ ಹುಣ್ಣಾಗಿದೆ ಅಂದಿದ್ದೇವೆ.
— ತಿಪಟೂರಿನ ಓದುಗರು

ಉತ್ತರ: ನೀವು ಬರೆದದ್ದರಲ್ಲಿ ಬೇಕಾದ ಮಾಹಿತಿ ಎಲ್ಲ ಇದೆ. ಇಷ್ಟು ಸ್ಪಷ್ಟವಾಗಿ ಬರೆಯುವವರು ಕಡಿಮೆ. ಹಾಗಾಗಿ ನಾನೂ ನೇರವಾಗಿ ಹೇಳುತ್ತೇನೆ.

ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂ.ಮೀ. ಭಾಗ. ಗಡ್ಡೆ ಮೇಲೆ ಇದ್ದರೆ ಅಷ್ಟು ತುಂಡು ತೆಗೆದು ಕರುಳನ್ನು ಮತ್ತೆ ಜೋಡಿಸಬಹುದು. ನಿಮ್ಮ ತಂದೆಯದು ತೀರಾ ಕೆಳಗಿದೆ. ಮೋಷನ್ ತಡೆದು ಹಿಡಿಯುವ ಸ್ನಾಯು ಅಲ್ಲೇ ಇರುವುದು. ಗಡ್ಡೆಯ ಜೊತೆ ಅದನ್ನೂ ತೆಗೆಯಬೇಕಾಗಿ ಬಂದರೆ ಮೋಷನ್ ಹೊರಬರಲು ಹೊಟ್ಟೆಯ ಪಕ್ಕದಲ್ಲಿ ದಾರಿ ಮಾಡಿ ಚೀಲ ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ. ಸರ್ಜನ್ ಹೇಳಿದ್ದು ಸರಿಯಾಗಿದೆ. ಅನಸ್ತೇಷಿಯಾ ಡಾಕ್ಟರು ಹೇಳಿದ್ದೂ ಸರಿಯೇ. ಎಂಬತ್ತು ದಾಟಿದವರಲ್ಲಿ, ಅದರಲ್ಲೂ ಹೃದಯದ ತೊಂದರೆ ಇದ್ದವರಲ್ಲಿ, ಅಪಾಯ ಆಪರೇಷನ್ ಥಿಯೇಟರಿನ ಮೂರು ನಾಲ್ಕು ಗಂಟೆಗೆ ಮುಗಿಯುವುದಿಲ್ಲ. ಆಮೇಲಿನ ತಿಂಗಳುಗಳಲ್ಲಿ ನ್ಯುಮೋನಿಯಾ, ಗಾಯದ ಸೋಂಕು, ಹೃದಯದ ತೊಂದರೆ, ಮಲಗಿದವರು ಏಳದೇ ಹೋಗುವುದು, ಇವೆಲ್ಲ ಚಿಕ್ಕ ವಯಸ್ಸಿನವರಿಗಿಂತ ವಯಸ್ಸಾದವರಲ್ಲಿ ಜಾಸ್ತಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬರೀ ರೇಡಿಯೇಷನ್‌ನಿಂದ ಹೋಗುತ್ತಾ ಅಂತ. ಹೋಗಬಹುದು, ಆದರೆ ಎಲ್ಲರಿಗೂ ಅಲ್ಲ. ಹಿಂದೆಲ್ಲ ಆಪರೇಷನ್‌ಗೆ ಮುಂಚೆ ಗಡ್ಡೆ ಚಿಕ್ಕದಾಗಲಿ ಅಂತ ರೇಡಿಯೇಷನ್ ಕೊಡುತ್ತಿದ್ದೆವು. ಆಪರೇಷನ್ ಆದ ಮೇಲೆ ತೆಗೆದ ತುಂಡನ್ನು ಲ್ಯಾಬಿನಲ್ಲಿ ನೋಡಿದರೆ ಕೆಲವರಲ್ಲಿ ಒಂದೇ ಒಂದು ಕ್ಯಾನ್ಸರ್ ಜೀವಕೋಶವೂ ಉಳಿದಿರುತ್ತಿರಲಿಲ್ಲ. ಹಾಗಾದರೆ ಅವರಿಗೆ ಆಪರೇಷನ್ ಯಾಕೆ ಮಾಡಿದೆವು ಅನ್ನುವ ಪ್ರಶ್ನೆ ಏಳುತ್ತದೆ, ಅಲ್ವಾ? ಬ್ರೆಜಿಲ್ ದೇಶದ ಸಾವೊ ಪಾಲೊದಲ್ಲಿ ಅಂಜೆಲಿಟಾ ಹಬ್ರ್-ಗಾಮಾ ಅನ್ನುವ ಸರ್ಜನ್ ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗಡ್ಡೆ ಪೂರ್ತಿ ಕರಗಿದವರಿಗೆ ಆಪರೇಷನ್ ಮಾಡದೆ, ಮೇಲಿಂದ ಮೇಲೆ ಪರೀಕ್ಷೆ ಮಾಡುತ್ತಾ ಬಂದು, 2004ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಆಗ ಬಹಳ ಜನ ಒಪ್ಪಲಿಲ್ಲ. ಈಗ ಪ್ರಪಂಚದಾದ್ಯಂತ ‘ಕಾದು ನೋಡುವ’ ಈ ಪದ್ಧತಿ ನಡೆಯುತ್ತಿದೆ.

ನಿಮ್ಮ ತಂದೆಯಂಥವರಿಗೆ ಸಾಮಾನ್ಯವಾಗಿ ಕೊಡುವುದು ಹೀಗೆ. ವಾರಕ್ಕೆ ಐದು ದಿನದಂತೆ ಐದರಿಂದ ಆರು ವಾರ, ಒಟ್ಟು 25ರಿಂದ 28 ಸಿಟಿಂಗ್. ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ. ನೋವಿಲ್ಲ, ಬಿಸಿಯೂ ಗೊತ್ತಾಗುವುದಿಲ್ಲ. ನಮ್ಮ ಕಡೆ ‘ಕರೆಂಟ್ ಕೊಡೋದು’ ಅನ್ನುವ ಮಾತಿಗೆ ಎಷ್ಟೋ ಹಿರಿಯರು ಶಾಕ್ ಹೊಡೆಯುತ್ತದೆ ಅಂದುಕೊಂಡು ಮೊದಲ ದಿನ ಕೈ ಬಿಗಿ ಹಿಡಿದು ಮಲಗಿರುತ್ತಾರೆ. ಅದು ಎಕ್ಸ್-ರೇ, ಶಕ್ತಿ ಮಾತ್ರ ಬಹಳ ಹೆಚ್ಚು. ಕರೆಂಟ್ ಅಲ್ಲ. ಇದನ್ನು ಮನೆಯಲ್ಲೇ ಹೇಳಿ ಕಳಿಸಿ.

ಜೊತೆಗೆ ಕೆಪೆಸಿಟಬಿನ್ ಅನ್ನುವ ಮಾತ್ರೆ ಕೊಡುತ್ತಾರೆ, ರೇಡಿಯೇಷನ್ ಚೆನ್ನಾಗಿ ನಾಟಲಿ ಅಂತ. ಇಲ್ಲಿ ಸ್ವಲ್ಪ ನಿಲ್ಲಿ. ಈ ಮಾತ್ರೆ ಕೆಲವರಲ್ಲಿ ಹೃದಯದ ರಕ್ತನಾಳ ಬಿಗಿದು ಎದೆನೋವು ಬರುವಂತೆ ಮಾಡುತ್ತದೆ. ಸ್ಟೆಂಟ್ ಇರುವ ವಿಷಯ ರೇಡಿಯೇಷನ್ ಡಾಕ್ಟರಿಗೆ ಖಂಡಿತ ಹೇಳಿ, ಹೃದಯದ ಡಾಕ್ಟರ ಅಭಿಪ್ರಾಯವನ್ನೂ ಬರೆಸಿಕೊಳ್ಳಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಿ ಡೋಸ್ ಇಳಿಸಬೇಕಾಗುತ್ತದೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಇದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಮಾತ್ರೆ ಆಗಿಬರದಿದ್ದರೆ ಬರೀ ರೇಡಿಯೇಷನ್ ಕೊಡಬಹುದು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ. ಚೀಟಿ ಸಾಲದು, ಮಾತ್ರೆಯೇ ಇರಲಿ.

ಎರಡನೇ ಮೂರನೇ ವಾರದಿಂದ ಮೋಷನ್ ಪದೇ ಪದೇ ಬರುತ್ತದೆ, ಮೂತ್ರ ಉರಿಯುತ್ತದೆ, ಮಲದ್ವಾರದ ಸುತ್ತ ಚರ್ಮ ಕೆಂಪಾಗುತ್ತದೆ, ಸುಸ್ತು ಇರುತ್ತದೆ. ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರು ತುಂಬಿದ ಟಬ್ಬಿನಲ್ಲಿ ಹತ್ತು ನಿಮಿಷ ಕೂರಿಸಿ. ಸೋಪು ಬೇಡ. ಬಿಗಿಯಾದ ಚಡ್ಡಿಗಿಂತ ಪಂಚೆ ಒಳ್ಳೆಯದು. ಭೇದಿ ಇರುವ ದಿನಗಳಲ್ಲಿ ಬೆಳ್ತಿಗೆ ಅನ್ನ, ಅಕ್ಕಿ ಗಂಜಿ, ಮಜ್ಜಿಗೆ, ಬಾಳೆಹಣ್ಣು ಕೊಡಿ. ಶಕ್ತಿ ಬರಲಿ ಅಂತ ರಾಗಿ, ಸೊಪ್ಪು, ಮೊಳಕೆಕಾಳು ಒತ್ತಾಯ ಮಾಡಿ ತಿನ್ನಿಸುತ್ತಾರೆ. ನಾರು ಜಾಸ್ತಿಯಾಗಿ ಭೇದಿ ಇನ್ನೂ ಹೆಚ್ಚಾಗುತ್ತದೆ. ಅವನ್ನು ಆಮೇಲೆ ಕೊಟ್ಟರಾಯಿತು.

ಮುಗಿದ ತಕ್ಷಣ ಸ್ಕ್ಯಾನ್ ಮಾಡಿಸಲು ಓಡಬೇಡಿ. ಕೊನೆಯ ಸಿಟಿಂಗ್ ಆದಮೇಲೂ ಗಡ್ಡೆ ಕರಗುತ್ತಲೇ ಇರುತ್ತದೆ. ಎಂಟರಿಂದ ಹನ್ನೆರಡು ವಾರ ಬಿಟ್ಟು ಬೆರಳಿನಿಂದ ಪರೀಕ್ಷೆ, ಸ್ಕೋಪ್, ಎಂಆರ್‌ಐ ಮೂರನ್ನೂ ಮಾಡುತ್ತಾರೆ. ಪೂರ್ತಿ ಕರಗಿದ್ದರೆ ಆ ಜಾಗದಲ್ಲಿ ಚಪ್ಪಟೆಯಾದ ಬಿಳಿ ಕಲೆ ಕಾಣುತ್ತದೆ, ಅದರ ಮೇಲೆ ಸಣ್ಣ ಸಣ್ಣ ಕೆಂಪು ರಕ್ತನಾಳಗಳು ಜೇಡರ ಬಲೆಯ ಹಾಗೆ. ಬೆರಳಿಗೆ ನುಣುಪಾಗಿ ಸಿಗುತ್ತದೆ. ಇಷ್ಟು ವರ್ಷವಾದರೂ ಸ್ಕೋಪಿನ ಪರದೆಯಲ್ಲಿ ಆ ಬಿಳಿ ಕಲೆ ಕಂಡಾಗ ನನಗೆ ಆಗುವ ಖುಷಿ ಕಡಿಮೆಯಾಗಿಲ್ಲ.

ಎಷ್ಟು ಜನರಿಗೆ ಹೀಗಾಗುತ್ತದೆ? ಫ್ರಾನ್ಸ್, ಬ್ರಿಟನ್, ಸ್ವಿಟ್ಜರ್ಲೆಂಡ್ ಆಸ್ಪತ್ರೆಗಳಲ್ಲಿ ನಡೆದ ‘ಒಪೇರಾ’ ಅನ್ನುವ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ನಿಮ್ಮ ತಂದೆಯ ಗಡ್ಡೆಯಷ್ಟೇ ಅಥವಾ ಸ್ವಲ್ಪ ಮುಂದುವರಿದ, 5 ಸೆಂ.ಮೀ.ಗಿಂತ ಚಿಕ್ಕ ಗಡ್ಡೆ ಇದ್ದವರು ಅದರಲ್ಲಿ ಇದ್ದರು. ಮಾತ್ರೆ ಮತ್ತು ಹೊರಗಿನಿಂದ ಕೊಡುವ ರೇಡಿಯೇಷನ್ ಎರಡನ್ನೂ ಪಡೆದವರಲ್ಲಿ ಮೂರು ವರ್ಷದ ನಂತರ ಶೇ 59 ಜನರಿಗೆ ಗುದನಾಳ ಉಳಿದಿತ್ತು. ಅಂದರೆ ಹತ್ತರಲ್ಲಿ ಆರು ಜನ. ಆದರೆ ಈ ಅಂಕಿ ಓದುವಾಗ ಒಂದು ಮಾತು ಮರೆಯಬೇಡಿ. ಅವರೆಲ್ಲ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದ್ದವರು. ಗಡ್ಡೆ ಮತ್ತೆ ಬಂದರೆ ಆಪರೇಷನ್ ಮಾಡಿಸಿಕೊಂಡರು. ನಿಮ್ಮ ತಂದೆಗೆ ಆ ಎರಡನೇ ದಾರಿ ಎಷ್ಟರ ಮಟ್ಟಿಗೆ ಇದೆ ಅಂತ ಸರ್ಜನ್ ಮತ್ತು ಹೃದಯದ ಡಾಕ್ಟರ್ ಇಬ್ಬರನ್ನೂ ಈಗಲೇ ಕೇಳಿ. ‘ಮುಂದೆ ಬೇಕಾದರೆ ಮಾಡಬಹುದಾ’ ಅನ್ನುವ ಪ್ರಶ್ನೆಗೆ ಅವರು ಏನು ಹೇಳುತ್ತಾರೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಕಾದು ನೋಡುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಬರಲೇಬೇಕು. ಹೀಗೆ ಗಡ್ಡೆ ಪೂರ್ತಿ ಕರಗಿದ 880 ಜನರ ಮಾಹಿತಿ ಹಲವು ದೇಶಗಳಿಂದ ಸೇರಿಸಿ 2018ರಲ್ಲಿ ಪ್ರಕಟಿಸಿದರು. ಎರಡು ವರ್ಷದೊಳಗೆ ನಾಲ್ಕರಲ್ಲಿ ಒಬ್ಬರಿಗೆ ಗಡ್ಡೆ ಮತ್ತೆ ಬೆಳೆದಿತ್ತು. ಹಾಗೆ ಮತ್ತೆ ಬಂದದ್ದರಲ್ಲಿ ಶೇ 97ರಷ್ಟು ಕರುಳಿನ ಗೋಡೆಯಲ್ಲೇ ಇತ್ತು, ಅಂದರೆ ಬೆರಳಿಗೆ, ಸ್ಕೋಪಿಗೆ ಸಿಗುವ ಜಾಗದಲ್ಲಿ. ಸಮಯಕ್ಕೆ ಬಂದರೆ ಸಿಕ್ಕಿಬೀಳುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಭತ್ತದ ಗದ್ದೆಯವರು, ಎಂಬತ್ತು ದಾಟಿತ್ತು. ಇಡೀ ಚಿಕಿತ್ಸೆಯ ಬಗ್ಗೆ ಮುಕ್ಕಾಲು ಗಂಟೆ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ. “ಇದಾದ್ಮೇಲೆ ಗದ್ದೆಗೆ ಇಳೀಬೋದಾ?” ಇಳಿದರು. ಬಿಳಿ ಕಲೆ ಬಂದಿತ್ತು. ಆದರೆ ಕೊಯ್ಲಿನ ಸಮಯ ಅಂತ ಒಂದು ಸಲ, ಮೊಮ್ಮಗಳ ಮದುವೆ ಅಂತ ಇನ್ನೊಂದು ಸಲ ಪರೀಕ್ಷೆ ತಪ್ಪಿಸಿಕೊಂಡರು. ಮೂರನೇ ಸಲ ಬಂದಾಗ ಕಲೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ಗಟ್ಟಿ ಬೆರಳಿಗೆ ಸಿಕ್ಕಿತು. ಅದೃಷ್ಟಕ್ಕೆ ಮಲದ್ವಾರದ ಮೂಲಕವೇ ಅಷ್ಟನ್ನು ಮಾತ್ರ ತೆಗೆಯಲು ಆಯಿತು. ರೇಡಿಯೇಷನ್ ಬಿದ್ದ ಜಾಗ ಬೇಗ ಮಾಯುವುದಿಲ್ಲ. ಗಾಯ ಒಣಗಲು ನಾಲ್ಕು ತಿಂಗಳು ಹಿಡಿಯಿತು, ಅಷ್ಟೂ ದಿನ ಅವರು ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರುತ್ತಿದ್ದರು. ನಿಮ್ಮ ಮನೆಯಲ್ಲಿ ಯಾರು ಕರೆದುಕೊಂಡು ಬರುತ್ತೀರಿ, ಐದು ವರ್ಷ ಬರಲು ಆಗುತ್ತದಾ ಅಂತ ಅಣ್ಣತಮ್ಮಂದಿರು ಕೂತು ಈಗಲೇ ಮಾತಾಡಿಕೊಳ್ಳಿ.

ಇನ್ನೊಂದು ವಿಷಯ, ಬಯಾಪ್ಸಿ ತುಂಡಿನಲ್ಲೇ ಎಂಎಂಆರ್ (ಜೀವಕೋಶ ತನ್ನ ಡಿಎನ್‌ಎ ತಪ್ಪುಗಳನ್ನು ತಿದ್ದಿಕೊಳ್ಳುತ್ತದಾ ಅಂತ ನೋಡುವುದು) ಅನ್ನುವ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿ. ನೂರರಲ್ಲಿ ಐದರಿಂದ ಹತ್ತು ಜನರಲ್ಲಿ ಹಾಗೆ ತಿದ್ದಿಕೊಳ್ಳಲಾಗದ ಒಂದು ಬೇರೆ ಜಾತಿಯ ಗಡ್ಡೆ ಇರುತ್ತದೆ. ಅದಕ್ಕೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಂಜೆಕ್ಷನ್, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನ್ಯೂಯಾರ್ಕಿನಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ 12 ಜನರಿಗೆ ಬರೀ ಇಂಜೆಕ್ಷನ್‌ನಲ್ಲೇ ಗಡ್ಡೆ ಪೂರ್ತಿ ಹೋಗಿತ್ತು, ರೇಡಿಯೇಷನ್ ಕೂಡ ಬೇಕಾಗಲಿಲ್ಲ. ಇಂಜೆಕ್ಷನ್ ದುಬಾರಿ. ಪರೀಕ್ಷೆ ಅಷ್ಟು ದುಬಾರಿಯಲ್ಲ.

ಕೊನೆಗೆ, ತಂದೆಗೆ ಹೇಳಿಲ್ಲ ಅಂದಿರಲ್ಲ, ಅದು. ನೀವು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದೀರಿ, ಗೊತ್ತು. ಆದರೆ ಹುಣ್ಣಿಗೆ ಯಾರಾದರೂ ಐದು ವಾರ ದಿನಾ ಆಸ್ಪತ್ರೆಗೆ ಹೋಗುತ್ತಾರಾ? ರೇಡಿಯೇಷನ್ ವಿಭಾಗದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು ಮೊದಲ ದಿನವೇ ಕೇಳುತ್ತಾರೆ, ‘ನಿಮಗೆ ಎಲ್ಲಿ ಕ್ಯಾನ್ಸರು?’ ಅಂತ. ಅಪರಿಚಿತರ ಬಾಯಿಂದ ತಿಳಿಯುವುದಕ್ಕಿಂತ ಮಗನ ಬಾಯಿಂದ ತಿಳಿಯಲಿ. ಚೀಲ ಹಾಕಿಸಿಕೊಂಡು ಬದುಕಬೇಕಾ, ಕಾಯಿಲೆ ಮತ್ತೆ ಬರಬಹುದು ಅನ್ನುವ ಅನುಮಾನ ಇಟ್ಟುಕೊಂಡು ಚೀಲವಿಲ್ಲದೆ ಬದುಕಬೇಕಾ, ಇದನ್ನು ಅವರ ಬದಲು ನೀವಾಗಲಿ ನಾನಾಗಲಿ ತೀರ್ಮಾನ ಮಾಡಲು ಬರುವುದಿಲ್ಲ. ಹೇಳಲು ಕಷ್ಟವಾದರೆ ನಿಮ್ಮ ಡಾಕ್ಟರ ಎದುರಿಗೆ ಕೂರಿಸಿ, ನೀವು ಪಕ್ಕದಲ್ಲಿರಿ.

ಪ್ರಶ್ನೆ: ನಮ್ಮ ಅಕ್ಕನ ಮಗ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರ ಇದ್ದಾನೆ. ಅಲ್ಲಿ ಪ್ಯಾಪಿಲಾನ್ ಅನ್ನುವ ಯಂತ್ರದಿಂದ ವಯಸ್ಸಾದವರಿಗೆ ಆಪರೇಷನ್ ಇಲ್ಲದೆ ಗುಣ ಮಾಡುತ್ತಾರಂತೆ. ನಮ್ಮ ಅತ್ತೆಗೆ (77) ಚಿಕ್ಕ ಗಡ್ಡೆ ಇದೆ. ಏನಿದು? ಇಲ್ಲಿ ಸಿಗುವುದಿಲ್ಲವಾ?
— ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಲಿವರ್‌ಪೂಲ್ ಪಕ್ಕದ ಕ್ಲಾಟರ್‌ಬ್ರಿಜ್ ಕ್ಯಾನ್ಸರ್ ಆಸ್ಪತ್ರೆ ಇದಕ್ಕೆ ಹೆಸರಾದ ಜಾಗ. ಯಂತ್ರಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ಲಿಯೋನ್ ನಗರದ ಡಾಕ್ಟರ್ ಜಾನ್ ಪ್ಯಾಪಿಲಾನ್ ಅವರಿಂದ. ಕಳೆದ ಶತಮಾನದ ಮಧ್ಯದಲ್ಲೇ ಅವರು ಈ ರೀತಿ ಚಿಕಿತ್ಸೆ ಮಾಡುತ್ತಿದ್ದರು.

ಕಾಂಟ್ಯಾಕ್ಟ್ ಎಕ್ಸ್-ರೇ ಅಂತಲೂ ಕರೆಯುವ ಇದು ಕೆಲಸ ಮಾಡುವುದು ಹೀಗೆ. ಮಲದ್ವಾರದ ಮೂಲಕ ಒಂದು ಕೊಳವೆ ಒಳಗೆ ಹಾಕುತ್ತಾರೆ. ಅದರ ಅಡ್ಡಗಲ 2ರಿಂದ 3 ಸೆಂ.ಮೀ. ಆ ಕೊಳವೆಯ ತುದಿಯನ್ನು ಕಣ್ಣಿಂದ ನೋಡಿಕೊಂಡೇ ಗಡ್ಡೆಯ ಮೇಲೆ ಇಟ್ಟು, ಅದರೊಳಗಿಂದ ಕಡಿಮೆ ಶಕ್ತಿಯ ಎಕ್ಸ್-ರೇ ಬಿಡುತ್ತಾರೆ. ಕಡಿಮೆ ಶಕ್ತಿ ಆದ್ದರಿಂದ ಅದು ಕೆಲವೇ ಮಿಲಿಮೀಟರ್ ಒಳಗೆ ಹೋಗಿ ನಿಂತುಬಿಡುತ್ತದೆ. ಗಡ್ಡೆಗೆ ದೊಡ್ಡ ಡೋಸ್ ಬೀಳುತ್ತದೆ, ಪಕ್ಕದ ಮೂತ್ರಕೋಶ, ಗರ್ಭಕೋಶಕ್ಕೆ ತಾಗುವುದು ಬಹಳ ಕಡಿಮೆ. ಎರಡು ವಾರಕ್ಕೊಮ್ಮೆಯಂತೆ ಒಟ್ಟು ಮೂರು ಸಲ, ಪ್ರತಿ ಸಲ 30 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾಪನ). ಅರಿವಳಿಕೆ ಕೊಟ್ಟು ಮಲಗಿಸಬೇಕಾಗಿಲ್ಲ, ಮರಗಟ್ಟುವ ಜೆಲ್ ಸಾಕು. ಸಂಜೆ ಮನೆಗೆ ಹೋಗಬಹುದು. ಆಪರೇಷನ್ ಮಾಡಲಾಗದ ಹಿರಿಯರಿಗೆ ಇದು ಯಾಕೆ ಒಪ್ಪುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಮೇಲಿನ ಉತ್ತರದಲ್ಲಿ ಹೇಳಿದ ‘ಒಪೇರಾ’ ಅಧ್ಯಯನ ಮಾಡಿದ್ದೇ ಇದನ್ನು ಪರೀಕ್ಷಿಸಲು. ಹೊರಗಿನ ರೇಡಿಯೇಷನ್ ಜೊತೆ ಇದನ್ನೂ ಸೇರಿಸಿದಾಗ ಮೂರು ವರ್ಷಕ್ಕೆ ಗುದನಾಳ ಉಳಿದವರು ಶೇ 59ರಿಂದ 81ಕ್ಕೆ ಏರಿದರು. ಗಡ್ಡೆ 3 ಸೆಂ.ಮೀ.ಗಿಂತ ಚಿಕ್ಕದಿದ್ದು, ಈ ಯಂತ್ರದ ಚಿಕಿತ್ಸೆಯನ್ನೇ ಮೊದಲು ಕೊಟ್ಟವರಲ್ಲಿ ಅದು ಶೇ 97. ನಾನು ಈ ಅಂಕಿಯನ್ನು ಮೊದಲು ಓದಿದಾಗ ಎರಡು ಸಲ ಓದಿದೆ. ಇದಕ್ಕೆ ತೆರಬೇಕಾದ ಬೆಲೆ ಅಂದರೆ ರಕ್ತ ಹೋಗುವುದು. ಅರ್ಧಕ್ಕಿಂತ ಹೆಚ್ಚು ಜನರಿಗೆ ಆಮೇಲೆ ಆಗಾಗ ಸ್ವಲ್ಪ ರಕ್ತ ಹೋಗುತ್ತಿತ್ತು, ವರ್ಷಗಳು ಕಳೆದಂತೆ ಅದು ನಿಂತಿತು.

ಇಲ್ಲಿಯ ವಿಷಯ. ಇದು ಎಲ್ಲ ಕಡೆ ಸಿಗುವ ಯಂತ್ರ ಅಲ್ಲ. ಆದರೆ ಇದೇ ಯಂತ್ರ ಇಲ್ಲದಿದ್ದರೆ ದಾರಿಯೇ ಇಲ್ಲ ಅಂದುಕೊಳ್ಳಬೇಡಿ. ಗರ್ಭಕಂಠದ ಕ್ಯಾನ್ಸರ್‌ಗೆ ಒಳಗಿನಿಂದ ರೇಡಿಯೇಷನ್ ಕೊಡುವ ಬ್ರಾಕಿಥೆರಪಿ ಯಂತ್ರ ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹಿಂದಿನಿಂದಲೂ ಇದೆ. ರೇಡಿಯೇಷನ್ ಸೂಸುವ ಇರಿಡಿಯಂ ಲೋಹದ ಪುಟ್ಟ ಕಾಳನ್ನು ಕೊಳವೆಯೊಳಗೆ ಕಳಿಸಿ ಸ್ವಲ್ಪ ಹೊತ್ತು ನಿಲ್ಲಿಸಿ ವಾಪಸ್ ತೆಗೆಯುವುದು. ಅದೇ ಯಂತ್ರಕ್ಕೆ ಗುದನಾಳದ ಕೊಳವೆ ಜೋಡಿಸಿ ಗಡ್ಡೆಗೆ ಹೆಚ್ಚುವರಿ ಡೋಸ್ ಕೊಡಬಹುದು. ಯಂತ್ರ ಇದ್ದರೆ ಸಾಲದು, ಗುದನಾಳಕ್ಕೆ ಅದನ್ನು ಮಾಡಿ ಅಭ್ಯಾಸ ಇರುವವರು ಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಆಪರೇಷನ್ ಆಗದ ವೃದ್ಧರಿಗೆ ಹೀಗೆ ಕೊಟ್ಟು ನೋಡಿದಾಗ ಗಡ್ಡೆ ಚೆನ್ನಾಗಿಯೇ ಕರಗಿತು, ಆದರೆ ಡೋಸ್ ಜಾಸ್ತಿಯಾದವರಲ್ಲಿ ಆಮೇಲೆ ಗುದನಾಳದ ಉರಿಯೂತ, ರಕ್ತಸ್ರಾವ ಕಾಡಿತು. ಹಾಗಾಗಿ ಬೆಂಗಳೂರಿನ ಕಿದ್ವಾಯಿ, ಮಣಿಪಾಲ, ಮುಂಬೈನ ಟಾಟಾ, ಇಂಥ ದೊಡ್ಡ ಕಡೆ ಹೋದಾಗ ಹೀಗೆಯೇ ಕೇಳಿ: “ಗುದನಾಳಕ್ಕೆ ಬ್ರಾಕಿಥೆರಪಿ ಅಥವಾ ಕಾಂಟ್ಯಾಕ್ಟ್ ಎಕ್ಸ್-ರೇ ನಿಮ್ಮಲ್ಲಿ ಮಾಡುತ್ತೀರಾ, ಎಷ್ಟು ಜನರಿಗೆ ಮಾಡಿದ್ದೀರಿ?” ಇದನ್ನು ಕೇಳಿದರೆ ಒಳ್ಳೆಯ ಡಾಕ್ಟರ್ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅತ್ತೆಯವರ ಗಡ್ಡೆ ಚಿಕ್ಕದು ಅಂತ ಮಾತ್ರ ಬರೆದಿದ್ದೀರಿ. ಎಷ್ಟು ಸೆಂಟಿಮೀಟರ್, ಮಲದ್ವಾರದಿಂದ ಎಷ್ಟು ದೂರ, ಪಕ್ಕದ ದುಗ್ಧಗ್ರಂಥಿಗಳಿಗೆ (ಗಂಟುಗಳಿಗೆ) ಹೋಗಿದೆಯಾ ಅನ್ನುವ ಮೂರು ಉತ್ತರ ಎಂಆರ್‌ಐ ರಿಪೋರ್ಟಿನಲ್ಲಿರುತ್ತವೆ. ತೀರಾ ಆರಂಭದ ಹಂತವಾದರೆ ರೇಡಿಯೇಷನ್ ಕೂಡ ಬೇಡ, ಒಳಗಿಂದಲೇ ಕೆತ್ತಿ ತೆಗೆಯಬಹುದು.

ಪ್ರಶ್ನೆ: ಅಜ್ಜನಿಗೆ 88. ಹಾಸಿಗೆ ಬಿಟ್ಟು ಏಳುವುದು ಕಷ್ಟ, ನೆನಪೂ ಸರಿಯಿಲ್ಲ. ಗುದನಾಳದ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ದಿನಾ ಬಟ್ಟೆ ತುಂಬಾ ರಕ್ತ, ಎರಡು ಸಲ ರಕ್ತ ಹಾಕಿಸಿದ್ದೇವೆ. ಏನೂ ಮಾಡುವುದು ಬೇಡ ಅಂತ ಒಬ್ಬರು ಹೇಳಿದರು. ನಮ್ಮೂರಿಂದ ಆಸ್ಪತ್ರೆ ಮೂರು ಗಂಟೆ ದಾರಿ. ಇನ್ನೊಂದು ಪ್ರಶ್ನೆ, ರೇಡಿಯೇಷನ್ ಕೊಟ್ಟರೆ ಮನೆಯ ಮಕ್ಕಳು ಹತ್ತಿರ ಹೋಗಬಹುದಾ?
— ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ಮಕ್ಕಳು ಹೋಗಬಹುದು, ತೊಡೆಯ ಮೇಲೂ ಕೂರಬಹುದು. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಯಂತ್ರ ಆಫ್ ಆದ ಕ್ಷಣಕ್ಕೆ ಮುಗಿಯಿತು. ಮೈಯಲ್ಲಿ ಏನೂ ಉಳಿಯುವುದಿಲ್ಲ.

ಏನೂ ಮಾಡುವುದು ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಯಿಲೆ ವಾಸಿ ಮಾಡಲು ಆಗದಿರಬಹುದು, ರಕ್ತ ನಿಲ್ಲಿಸಲು ಆಗುತ್ತದೆ. ಐದೇ ದಿನದ ಚಿಕಿತ್ಸೆ ಇದೆ. ದಿನಕ್ಕೆ 5 ಗ್ರೇ ಹಾಗೆ ಐದು ದಿನ, ಒಟ್ಟು 25. ಸ್ವೀಡನ್ನಿನವರು ಆಪರೇಷನ್‌ಗೆ ಮುಂಚೆ ಕೊಡಲು ಶುರು ಮಾಡಿದ್ದು, ಅವರ ದೊಡ್ಡ ಅಧ್ಯಯನ 1997ರಲ್ಲಿ ಬಂತು. ನಡೆಯಲಾಗದ, ದೂರದಿಂದ ಬರುವ ಹಿರಿಯರಿಗೆ ಈಗ ನಾವು ಇದನ್ನು ಬಹಳ ಬಳಸುತ್ತೇವೆ. ಸೋಮವಾರ ಶುರುವಾದರೆ ಶುಕ್ರವಾರ ಮನೆಗೆ. ಹೆಚ್ಚಿನವರಲ್ಲಿ ಎರಡು ಮೂರು ವಾರದೊಳಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ, ನೋವೂ ಇಳಿಯುತ್ತದೆ. ಐದು ದಿನ ದಿನಾ ಆರು ಗಂಟೆ ಪ್ರಯಾಣ ಮಾಡಿಸಬೇಡಿ. ಅಡ್ಮಿಟ್ ಮಾಡಿಕೊಳ್ಳಲು ಕೇಳಿ, ಇಲ್ಲದಿದ್ದರೆ ಆಸ್ಪತ್ರೆ ಪಕ್ಕದ ಧರ್ಮಶಾಲೆಯಲ್ಲಿ ಉಳಿಯಿರಿ. ನಿಮಗೆ ಹುಬ್ಬಳ್ಳಿ ಹತ್ತಿರ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ಮತ್ತು ಜೊತೆಯವರಿಗೆ ರೈಲು ಟಿಕೆಟ್ಟಿನಲ್ಲೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರ್ಮ್ ಬರೆಸಿಕೊಳ್ಳಿ.

ಹೊಟ್ಟೆ ಉಬ್ಬಿಕೊಂಡು, ವಾಂತಿಯಾಗಿ, ಗಾಳಿಯೂ ಹೋಗದೆ ಇದ್ದರೆ ರೇಡಿಯೇಷನ್‌ಗೆ ಕಾಯಬೇಡಿ, ಕರುಳು ಕಟ್ಟಿಕೊಂಡಿರಬಹುದು. ಆಗ ತುರ್ತಾಗಿ ಸರ್ಜನ್ ನೋಡಬೇಕು.

ಪ್ರಶ್ನೆ: ಅಮ್ಮನಿಗೆ (80) ಹದಿನಾಲ್ಕು ತಿಂಗಳ ಹಿಂದೆ ರೇಡಿಯೇಷನ್ ಮುಗಿದಿದೆ. ಗಡ್ಡೆ ಪೂರ್ತಿ ಹೋಗಿದೆ ಅಂದಿದ್ದರು. ಈಗ ಒಂದು ತಿಂಗಳಿಂದ ಮೋಷನ್ ಜೊತೆ ಕೆಂಪು ರಕ್ತ. ಊರಿನ ಡಾಕ್ಟರ್ ಮತ್ತೆ ಬಂದಿರಬಹುದು, ಬಯಾಪ್ಸಿ ಮಾಡೋಣ ಅಂತಾರೆ. ಭಯವಾಗುತ್ತಿದೆ.
— ಮಂಗಳೂರಿನ ಓದುಗರು

ಉತ್ತರ: ಭಯ ಸಹಜ. ಆದರೆ ರಕ್ತ ಅಂದರೆ ಕ್ಯಾನ್ಸರ್ ಮತ್ತೆ ಬಂತು ಅಂತಲೇ ಅಲ್ಲ. ರೇಡಿಯೇಷನ್ ಬಿದ್ದ ಜಾಗದಲ್ಲಿ ತೆಳು ಗೋಡೆಯ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ, ಗಟ್ಟಿ ಮೋಷನ್ ತಾಗಿದರೆ ಒಡೆಯುತ್ತವೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಇದು ಸಾಮಾನ್ಯ. ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜಾಸ್ತಿ. ಆದರೆ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬಯಾಪ್ಸಿಗೆ ಮಾತ್ರ ಆತುರ ಬೇಡ. ರೇಡಿಯೇಷನ್ ಆದ ಜಾಗದಲ್ಲಿ ಚಿವುಟಿ ತೆಗೆದರೆ ಆ ಗಾಯ ಎಷ್ಟೋ ಸಲ ಮಾಯುವುದಿಲ್ಲ, ಹುಣ್ಣಾಗಿ ತಿಂಗಳುಗಟ್ಟಲೆ ನೋಯುತ್ತದೆ. ಮೊದಲು ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರವೇ ಹೋಗಿ. ಈ ವಾರವೇ ಹೋಗಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅವರು ಬೆರಳಿಟ್ಟು ನೋಡಿ, ಸ್ಕೋಪ್ ಹಾಕಿ, ಹಳೆಯ ಫೋಟೋ ಜೊತೆ ಹೋಲಿಸುತ್ತಾರೆ. ಬರೀ ರಕ್ತನಾಳ ಅಂತ ಗೊತ್ತಾದರೆ ಮೋಷನ್ ಮೆತ್ತಗಾಗಲು ಔಷಧಿ ಸಾಕಾಗುತ್ತದೆ. ಜಾಸ್ತಿ ಇದ್ದರೆ ಸ್ಕೋಪ್ ಮೂಲಕ ಆರ್ಗಾನ್ ಅನಿಲದಿಂದ ಸುಡುತ್ತಾರೆ. ಗಟ್ಟಿ ಅಥವಾ ಗಂಟು ಸಿಕ್ಕಿದರೆ ಆಗ ಎಂಆರ್‌ಐ, ಬೇಕಿದ್ದರೆ ಬಯಾಪ್ಸಿ. ಹೋಗುವಾಗ ಹಿಮೋಗ್ಲೋಬಿನ್ ಮಾಡಿಸಿಕೊಂಡು ಹೋಗಿ. ಜೊತೆಗೆ ಅಮ್ಮನಿಗೆ ಸೊಂಟದ ಹಿಂದೆ ಹೊಸದಾಗಿ ನೋವು ಇದ್ದರೆ ಅದನ್ನೂ ಹೇಳಿ. ರೇಡಿಯೇಷನ್ ಆದ ವಯಸ್ಸಾದ ಹೆಂಗಸರಲ್ಲಿ ಬೆನ್ನಿನ ತಳದ ಮೂಳೆ ಸಣ್ಣಗೆ ಬಿರುಕು ಬಿಡುವುದುಂಟು, ಅದನ್ನು ಕ್ಯಾನ್ಸರ್ ಮೂಳೆಗೆ ಹೋಯಿತು ಅಂತ ತಪ್ಪು ತಿಳಿದವರನ್ನು ನೋಡಿದ್ದೇನೆ.

ಪ್ರಶ್ನೆ: ನನಗೆ 79 ವರ್ಷ. ಗುದನಾಳದಲ್ಲಿ ಕ್ಯಾನ್ಸರ್ ಇದೆ, ಸ್ವಲ್ಪ ಮೇಲೆ ಇದೆಯಂತೆ. ಬಿ.ಪಿ. ಬಿಟ್ಟರೆ ಏನೂ ಇಲ್ಲ. ದಿನಾ ಎರಡು ಹಸು ಹಾಲು ಕರೆಯುತ್ತೇನೆ, ಡೈರಿಗೆ ನಡೆದೇ ಹೋಗುತ್ತೇನೆ. ಆಪರೇಷನ್ ಮಾಡಿದರೆ ಚೀಲ ಕೆಲವು ತಿಂಗಳಿಗೆ ಮಾತ್ರ, ಆಮೇಲೆ ತೆಗೆಯಬಹುದು ಅಂತ ಡಾಕ್ಟರು ಅಂದರು. ದೊಡ್ಡ ಮಗ ಈ ವಯಸ್ಸಿಗೆ ಆಪರೇಷನ್ ಬೇಡ, ಕರೆಂಟ್ ಕೊಡಿಸೋಣ ಅಂತಾನೆ. ಚಿಕ್ಕವನು ಏನೂ ಬೇಡ ಅಂತಾನೆ. ಜಗಲಿಯಲ್ಲಿ ಕೂತು ಮಾತಾಡುತ್ತಾರೆ, ನನಗೆ ಕೇಳುವುದಿಲ್ಲ ಅಂದುಕೊಂಡಿದ್ದಾರೆ. ನನಗೆ ಒಂದೇ ಸಲ ತೆಗೆಸಿಬಿಡಬೇಕು ಅಂತ ಆಸೆ. ತಪ್ಪಾ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ತಪ್ಪಿಲ್ಲಮ್ಮ. ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ನಾನು ರೇಡಿಯೇಷನ್ ಡಾಕ್ಟರ್. ಆದರೂ ನಿಮ್ಮ ವಿಷಯದಲ್ಲಿ ಆಪರೇಷನ್ ಮೊದಲ ಆಯ್ಕೆ ಆಗಬಹುದು ಅಂತಲೇ ಹೇಳುತ್ತೇನೆ. ಗಡ್ಡೆ ಮೇಲಿದೆ, ಕರುಳು ಜೋಡಿಸಬಹುದು ಅಂದಿದ್ದಾರೆ, ಹೃದಯ ಚೆನ್ನಾಗಿದೆ, ದಿನಾ ಡೈರಿಗೆ ನಡೆಯುವ ಕಾಲು ಇದೆ. 79 ಅನ್ನುವ ಅಂಕಿಯೊಂದನ್ನೇ ನೋಡಿ ಯಾರೂ ಆಪರೇಷನ್ ಬೇಡ ಅನ್ನಬಾರದು. ಆಪರೇಷನ್‌ಗೆ ಮುಂಚೆ ನಾವು ನೋಡುವುದು ಕುರ್ಚಿಯಿಂದ ಕೈ ಊರದೆ ಏಳುತ್ತಾರಾ, ಎಷ್ಟು ಬೇಗ ನಡೆಯುತ್ತಾರೆ, ಊಟ ಸೇರುತ್ತದಾ, ತೂಕ ಇಳಿದಿದೆಯಾ, ಲೆಕ್ಕ, ನೆನಪು ಸರಿಯಿದೆಯಾ ಅಂತ. ಇವೆಲ್ಲದರಲ್ಲಿ ನೀವು ಕೆಲವು ಅರವತ್ತರವರಿಗಿಂತ ಮುಂದಿರಬಹುದು.

ತಿಳಿದುಕೊಳ್ಳಬೇಕಾದ್ದೂ ಇದೆ. ಕರುಳು ಜೋಡಿಸಿದ ಮೇಲೆ ಮೋಷನ್ ಮೊದಲಿನ ಹಾಗೆ ಇರುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ಹೋಗಬೇಕಾಗಬಹುದು, ತಡೆಯುವುದು ಕಷ್ಟವಾಗಬಹುದು. ಎಷ್ಟೋ ಜನರಿಗೆ ಒಂದೆರಡು ವರ್ಷದಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ತಾತ್ಕಾಲಿಕ ಅಂತ ಹಾಕಿದ ಚೀಲ ನಿಮ್ಮ ವಯಸ್ಸಿನವರಲ್ಲಿ ಕೆಲವೊಮ್ಮೆ ತೆಗೆಯಲು ಆಗದೆ ಹೋಗುವುದೂ ಉಂಟು. ಇವೆರಡನ್ನೂ ಸರ್ಜನ್ ಹತ್ತಿರ ಬಿಡಿಸಿ ಕೇಳಿ. ಗಡ್ಡೆ ಗೋಡೆ ದಾಟಿ ಬೆಳೆದಿದ್ದರೆ ಮೊದಲು ಸ್ವಲ್ಪ ರೇಡಿಯೇಷನ್ ಕೊಟ್ಟು ಆಮೇಲೆ ಆಪರೇಷನ್ ಮಾಡೋಣ ಅನ್ನಲೂಬಹುದು, ಅದು ನಿಮ್ಮ ಎಂಆರ್‌ಐ ನೋಡಿ ತೀರ್ಮಾನವಾಗುವ ವಿಷಯ.

ಇದನ್ನೆಲ್ಲ ಕೇಳಿದ ಮೇಲೂ ತೆಗೆಸಬೇಕು ಅಂತಲೇ ಅನಿಸಿದರೆ, ಇಬ್ಬರು ಮಕ್ಕಳನ್ನೂ ಕರೆದು ಅದೇ ಜಗಲಿಯಲ್ಲಿ ನೀವೇ ಹೇಳಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಮಕ್ಕಳ ಮುಖ ನೋಡಿ ಮಾತಾಡಲು ಶುರು ಮಾಡಿದರೆ, “ಡಾಕ್ಟ್ರೇ, ಕಾಯಿಲೆ ನಂದು, ನನಗೆ ಹೇಳಿ” ಅನ್ನಿ. ಆಪರೇಷನ್ ದಿನ ಗೊತ್ತಾದ ಮೇಲೆ ಹಾಲು ಕರೆಯಲು ಎರಡು ತಿಂಗಳಿಗೆ ಯಾರನ್ನಾದರೂ ಗೊತ್ತುಮಾಡಿಕೊಳ್ಳಿ. ಹೊಟ್ಟೆಯ ಗಾಯ ಗಟ್ಟಿಯಾಗುವವರೆಗೆ ಬಗ್ಗಿ ಬಕೆಟ್ ಎತ್ತುವ ಹಾಗಿಲ್ಲ.